ಮುಂಗೈ ಮೇಲಿನ ಗುರುತು

ಶಾಲೆಯಿಂದ ಫೋನು ಬಂದಾಗ ಹಲ್ಲಕ್ಕ ಯಾರದೋ ಕೆಳದವಡೆಗೆ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದಳು. ಅವಳ ನಿಜವಾದ ಹೆಸರು ಬೇರೆ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ ದುಡಿಯುತ್ತಿದ್ದುದರಿಂದ ಅಕ್ಕಪಕ್ಕದವರು ಇಟ್ಟ ಹೆಸರು ಇದು, ಈಗ ಗಂಡನೂ ಒಮ್ಮೊಮ್ಮೆ ಹಾಗೇ ಕರೆಯುತ್ತಿದ್ದ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಮೇಣ ಕರಗಿಸುವ ಬಿಸಿ ಚಾಕುವನ್ನು ಕೈಯಲ್ಲಿ ಹಾಗೇ ಹಿಡಿದು, "ಹೇಳಿ" ಎಂದಳು.

"ನಿಮ್ಮ ಮಗಳು ಒಬ್ಬ ಹುಡುಗೀನ ಕಚ್ಚಿದ್ದಾಳೆ," ಎಂದರು ಹೆಡ್‌ಮಿಸ್. "ಸ್ವಲ್ಪ ಬೇಗ ಬರ್ತೀರಾ?"

"ಚುಚ್ಚಿದ್ದಾಳೆ ಅಂದ್ರಾ?"

"ಕಚ್ಚಿದ್ದಾಳೆ. ಹಲ್ಲಲ್ಲಿ."

ಚಾಕು ಆರಿತು. ಪಕ್ಕದ ಮೇಜಿನಲ್ಲಿ ಹಲ್ಲಿನ ಕ್ಯಾಪಿಗೆ ಪಿಂಗಾಣಿ ಲೇಪಿಸುತ್ತಿದ್ದ ಹಿರಿಯ ಕೆಲಸಗಾರ, ಎಲ್ಲರ ಬಾಯಲ್ಲಿ ಪಿಂಗಾಣಿ ಮಾಮ, ಕುಂಚ ಎತ್ತಿ ನೋಡಿದ. "ಏನಮ್ಮ, ಮುಖ ಸುಣ್ಣ ಆಯ್ತಲ್ಲ?"

"ನಮ್ಮ ಬೊಂಬು ಯಾರನ್ನೋ ಕಚ್ಚಿದಾಳಂತೆ," ಎಂದು ಹೇಳಿ, ಆರಿದ ಚಾಕುವನ್ನು ಕೆಳಗಿಟ್ಟು ಚೀಲ ಎತ್ತಿಕೊಂಡಳು.

ಬೊಂಬುವಿಗೆ ಹದಿಮೂರು. ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದು, ಬಾಗಿಲಿಗೆ ತಲೆ ತಾಗುತ್ತದೇನೋ ಎಂದು ಬಗ್ಗಿ ಓಡಾಡುವಂತಾದ ಮೇಲೆ ಅಪ್ಪ ಇಟ್ಟ ಅಡ್ಡಹೆಸರು ಅದು. ಜೋರಾಗಿ ಮಾತಾಡಿದವಳಲ್ಲ. ನೆರೆಮನೆಯ ಮಗು ಕೂದಲು ಹಿಡಿದು ಜಗ್ಗಿದರೂ "ಬಿಡು ಪುಟ್ಟಾ" ಎನ್ನುವ ಜಾತಿ.

ಹೆಡ್‌ಮಿಸ್ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದವಳನ್ನು ಕಂಡು ಹಲ್ಲಕ್ಕ ಹೊಸ್ತಿಲಲ್ಲೇ ನಿಂತಳು. ಅದು ಸಾಸಿವೆ. ಮೂರು ವರ್ಷದಿಂದ ಬೊಂಬುವಿನ ಪ್ರಾಣದ ಗೆಳತಿ. ಹಿಡಿಯಷ್ಟಿದ್ದ ಹುಡುಗಿ, ಬಾಯಿ ಬಿಟ್ಟರೆ ಬಿಸಿ ಬಾಣಲೆಯಲ್ಲಿ ಸಿಡಿದ ಹಾಗೆ ಮಾತು, ಅದಕ್ಕೇ ಆ ಹೆಸರು. ಈಗ ಎಡ ಮುಂಗೈಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಬಾಯಿ ಮುಚ್ಚಿ ಕೂತಿದ್ದಳು. ಅವಳ ಬೆನ್ನಿಗೆ ಅವಳಮ್ಮ ನಿಂತಿದ್ದಳು. ಕನ್ನಡಕದ ಅಂಗಡಿಯ ಕೆಲಸದಿಂದ ಎದ್ದು ಬಂದಿದ್ದಳು, ಎದೆಯ ಮೇಲೆ ಅಂಗಡಿಯ ಬಿಲ್ಲೆ ಹಾಗೇ ಇತ್ತು. ಎದುರು ಗೋಡೆಗೆ ಒರಗಿ ಬೊಂಬು.

"ಯಾಕೆ ಹೀಗೆ ಮಾಡಿದೆ?" ಎಂದಳು ಹಲ್ಲಕ್ಕ.

"ನಾನೇ ಕಚ್ಚಿದ್ದು," ಎಂದಳು ಬೊಂಬು. ಕೇಳಿದ ಪ್ರಶ್ನೆ ಒಂದು, ಉತ್ತರ ಇನ್ನೊಂದು.

"ಇಬ್ಬರಿಗೂ ಒಂದೇ ತಟ್ಟೇಲಿ ಊಟ ಹಾಕಿದೀನಿ," ಎಂದಳು ಸಾಸಿವೆಯ ಅಮ್ಮ. ದನಿ ಎತ್ತಲಿಲ್ಲ, ಆದರೆ ಒಂದೊಂದು ಮಾತೂ ಹಲ್ಲು ಕಚ್ಚಿ ಬಂತು. "ನಾಯಿ ಕೂಡ ಉಂಡ ಮನೆ ಮರೆಯಲ್ಲ."

ಹಲ್ಲಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಕ್ಷಮೆ ಕೇಳಿದಳು. ಮಗಳಿಂದಲೂ ಕೇಳಿಸಿದಳು. ಬೊಂಬು "ಸಾರಿ" ಅನ್ನುವಾಗ ಸಾಸಿವೆ ಅಳಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಪರೀಕ್ಷೆಯ ಫಲಿತಾಂಶ ಕಾಯುವವಳ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದಳು.

ಹೆಡ್‌ಮಿಸ್ ಮೇಜಿನ ಡ್ರಾಯರಿನಿಂದ ಒಂದು ಪುಸ್ತಕ ತೆಗೆದರು. ಮುಖಪುಟದಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಒಂದು ಕಾಡುಬೆಕ್ಕು, ಅದರ ಭುಜಕ್ಕೆ ತಲೆಯಾನಿಸಿದ ಒಂದು ಮೊಲ. "ಈ ಜಪಾನಿ ಮಾಂಗಾ ಪುಸ್ತಕ ಇವಳ ಬ್ಯಾಗಲ್ಲಿ ಸಿಕ್ತು. ಚಿತ್ರದ ಕತೆ ಅಂತ ನಾವೆಲ್ಲ ಸುಮ್ಮನಿದ್ವಿ. ಒಳಗೆ ನೋಡಿದ್ರೆ ಬರೀ ಕೊಲ್ಲೋದು, ತಿನ್ನೋದು. ನೀವು ಇದನ್ನ ಓದಿದೀರಾ?"

"ಧೂಳು ಒರೆಸಿದೀನಿ," ಎಂದಳು ಹಲ್ಲಕ್ಕ. ಅದು ನಿಜವಾಗಿತ್ತು.

ಬೊಂಬು ಎರಡು ವಾರ ಶಾಲೆಗೆ ಬರಬಾರದು, ಬಂದ ಮೇಲೆ ಮನಸ್ಸಿನ ಡಾಕ್ಟರನ್ನು ಕಾಣಬೇಕು ಎಂದು ತೀರ್ಮಾನವಾಯಿತು. ದೂರಿನ ಪ್ರತಿಗೆ ಗಾಯದ ಫೋಟೊ ಒಂದನ್ನು ಅಂಟಿಸಿ ಕೊಟ್ಟರು. ಹಲ್ಲಕ್ಕ ಅದನ್ನು ನೋಡಲಾರದೆ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕಿಕೊಂಡಳು.

ಸಂಜೆ ಗಂಡ ಬಂದ. ಅವನದು ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವ ಕೆಲಸ. ಯಾವ ಸುದ್ದಿಯನ್ನೂ ಮೊದಲು ಅಲುಗಾಡಿಸಿ ನೋಡಿ ಆಮೇಲೆ ಮಾತಾಡುವವನು. "ಚಿಕ್ಕವನಿದ್ದಾಗ ನಾನೂ ತಮ್ಮನ ಕಿವಿ ಕಚ್ಚಿದ್ದೆ," ಎಂದ.

"ಆಗ ನಿಮಗೆಷ್ಟು ವಯಸ್ಸು?"

"ನಾಲ್ಕು."

"ಇವಳಿಗೆ ಹದಿಮೂರು."

ಅವನು ಕೈಕಾಲು ತೊಳೆಯಲು ಹೋದ.

ಶನಿವಾರ ಬೆಳಿಗ್ಗೆ ಹಲ್ಲಕ್ಕ ಕಪಾಟಿನಿಂದ ಪುಸ್ತಕಗಳನ್ನು ಇಳಿಸಿದಳು. ಒಂಬತ್ತು ಸಂಪುಟ. ಬಚ್ಚಿಟ್ಟದ್ದೇನಲ್ಲ, ಒಂದು ವರ್ಷದಿಂದ ಕಣ್ಣೆದುರೇ ಇದ್ದವು. ಮೊದಲನೆಯದನ್ನು ಎಲ್ಲ ಪುಸ್ತಕದ ಹಾಗೆ ತೆರೆದು ಓದಲು ಕೂತಳು. ಮೊದಲ ಪುಟದಲ್ಲೇ ಒಂದು ಹೋತದ ಮರಿಯ ಶವಯಾತ್ರೆ. ನಂತರ ಅದರ ಹೆಣ, ಅರ್ಧ ಮಾತ್ರ. ಇಪ್ಪತ್ತು ಪುಟವಾದ ಮೇಲೆ ಅದೇ ಹೋತದ ಮರಿ ಟೈ ಕಟ್ಟಿಕೊಂಡು ತರಗತಿಗೆ ತಡವಾಗಿ ಬಂದು ಮೇಷ್ಟರ ಹತ್ತಿರ ಬೈಸಿಕೊಂಡಿತು. ಸತ್ತವನು ಶಾಲೆಗೆ ಬರುವುದು ಯಾವ ನಮೂನೆಯ ಕತೆ ಎಂದು ಅವಳು ತಲೆ ಕೆರೆದುಕೊಳ್ಳುತ್ತಿದ್ದಾಗ, ನೀರು ಕುಡಿಯಲು ಬಂದ ಬೊಂಬು ಬಗ್ಗಿ ನೋಡಿದಳು.

"ಅಮ್ಮ, ಅದನ್ನ ಹಿಂದಿನಿಂದ ಓದಬೇಕು. ಬಲಗಡೆಯಿಂದ."

"ಹಂಗಾದ್ರೆ ಇವನು ಬದುಕಲ್ವಾ?"

"ಇಲ್ಲ," ಎಂದು ಹೇಳಿ ಬೊಂಬು ಲೋಟ ತೊಳೆದಿಟ್ಟು ಹೋದಳು.

ಹಿಂದಿನಿಂದ ಓದಿದಾಗ ಕತೆ ಸರಿಹೋಯಿತು, ಆದರೆ ಮನಸ್ಸು ಇನ್ನೂ ಕದಡಿತು. ಆ ಊರಿನಲ್ಲಿ ಮಾಂಸ ತಿನ್ನುವ ಪ್ರಾಣಿಗಳೂ ಹುಲ್ಲು ತಿನ್ನುವ ಪ್ರಾಣಿಗಳೂ ಒಂದೇ ಬೀದಿಯಲ್ಲಿ ಬಾಡಿಗೆಗಿದ್ದವು, ಒಂದೇ ಬೆಂಚಿನಲ್ಲಿ ಕೂತು ಲೆಕ್ಕ ಕಲಿಯುತ್ತಿದ್ದವು. ಮಾಂಸ ತಿಂದರೆ ಜೈಲು. ಮಾಂಸದ ಜಾತಿಯ ಮಕ್ಕಳು ಪ್ರತಿ ಸೋಮವಾರ ಅರದ ಅಂಗಡಿಯ ಮುಂದೆ ಸಾಲು ನಿಂತು ಕೋರೆಹಲ್ಲು ಉಜ್ಜಿಸಿಕೊಂಡು ಮೊಂಡು ಮಾಡಿಸಿಕೊಂಡು ಬರಬೇಕು. ಆ ಶಾಲೆಯಲ್ಲಿ ಕಾಡುಬೆಕ್ಕಿಗೂ ಮೊಲಕ್ಕೂ ಗೆಳೆತನ. ಮೊಲ ಹತ್ತಿರ ಕೂತರೆ ಕಾಡುಬೆಕ್ಕಿಗೆ ಹಿತವಾಗುತ್ತದೆ, ಬಾಯಲ್ಲಿ ನೀರೂರುತ್ತದೆ. ಇದು ಪ್ರೀತಿಯೋ ಹಸಿವೋ ಎಂಬುದು ಅದಕ್ಕೇ ತಿಳಿಯದು. ಕೇಳೋಣವೆಂದರೆ ಕೇಳಿದ್ದಕ್ಕೇ ಹಿಡಿದು ಒಳಗೆ ಹಾಕುತ್ತಾರೆ.

ನಾಲ್ಕನೆಯ ಸಂಪುಟದಲ್ಲಿ ಒಬ್ಬ ಕರಡಿ ಮೇಷ್ಟರಿದ್ದ. ಚಳಿಗಾಲ ಬಂತೆಂದರೆ ತನ್ನ ಮೇಲೆ ತನಗೇ ನಂಬಿಕೆ ಸಾಲದೆ, ಉಗ್ರಾಣದೊಳಗೆ ಹೋಗಿ ಬೀಗ ಹಾಕಿಸಿಕೊಂಡು ಕೀಲಿಯನ್ನು ಶಾಲೆಯ ಆಯಾ ಕುರಿಯ ಕೈಗೆ ಕೊಡುತ್ತಿದ್ದ. ಒಂದು ವರ್ಷ ಅವನು ಒಳಗೆ ಅಳುವುದನ್ನು ಕೇಳಲಾರದೆ ಕುರಿ ತಾನೇ ಬೀಗ ತೆಗೆದಳು. ಮುಂದಿನ ಎರಡು ಪುಟ ಪೂರ್ತಿ ಕಪ್ಪು. ಹಲ್ಲಕ್ಕ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ, ಯಾಕೆ ಬಂದೆನೆಂದು ಮರೆತು, ವಾಪಸು ಬಂದು ಮತ್ತೆ ತೆರೆದಳು. ಅವಳಿಗೆ ಕುರಿಯ ಮೇಲೆ ಸಿಟ್ಟು ಬಂದಿತ್ತು, ಕರಡಿಯ ಮೇಲೆ ಕನಿಕರ. ಹೀಗಾಗಬಾರದಿತ್ತಲ್ಲ, ತಿಂದವನ ಕಡೆ ಹೋಗುತ್ತಿದ್ದೇನಲ್ಲ ಎಂದು ಅವಳಿಗೇ ಮುಜುಗರವಾಯಿತು.

ಐದನೆಯದರಲ್ಲಿ ಮೊಲ ತನ್ನ ಮುಂಗೈಯನ್ನು ಕಾಡುಬೆಕ್ಕಿನ ಬಾಯೊಳಗೆ ಇಟ್ಟು, "ಈಗ ಗೊತ್ತಾಗುತ್ತೆ" ಎನ್ನುತ್ತದೆ. ಕಾಡುಬೆಕ್ಕು ಕಣ್ಣು ಮುಚ್ಚಿ ಹಿಡಿದಿರುತ್ತದೆ. ಹನ್ನೆರಡು ಪುಟ ಮಾತೇ ಇಲ್ಲ. ಕೊನೆಗೆ ಕೈ ಹೊರಗೆ ಬರುತ್ತದೆ, ಒದ್ದೆಯಾಗಿ, ಗೀರೂ ಇಲ್ಲದೆ. ಮೊಲ ನಗುತ್ತದೆ. ಆದರೆ ಆ ನಗೆಯಲ್ಲಿ ಸಂತೋಷವಿತ್ತೋ ಬೇಸರವೋ ಹಲ್ಲಕ್ಕನಿಗೆ ಎಷ್ಟು ಹೊತ್ತು ನೋಡಿದರೂ ಬಗೆಹರಿಯಲಿಲ್ಲ. ಇದು ಮಕ್ಕಳು ಓದುವ ಪುಸ್ತಕವೇ ಅಲ್ಲ ಅನ್ನಿಸಿತು. ಮರುಗಳಿಗೆ, ಮಕ್ಕಳಲ್ಲದೆ ಇನ್ಯಾರು ಇದನ್ನು ಓದಬೇಕು ಅಂತಲೂ ಅನ್ನಿಸಿತು.

ಸೋಮವಾರ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಬೊಂಬುವನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಮನಸ್ಸಾಗದೆ ಹಲ್ಲಕ್ಕ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬೊಂಬು ಕೇಳಿದಳು:

"ಅಮ್ಮ, ನಿಮ್ಮ ಲ್ಯಾಬಲ್ಲಿ ಉಜ್ಜೋ ಯಂತ್ರ ಇದೆಯಲ್ಲ. ನನ್ನ ಕೋರೆಹಲ್ಲು ಸ್ವಲ್ಪ ಮಟ್ಟ ಮಾಡಿಕೊಡ್ತೀಯಾ?"

"ಲ್ಯಾಬಲ್ಲಿರೋ ನಿನ್ನ ಹಲ್ಲಿನ ಅಚ್ಚಿನದಾ?"

"ಅಚ್ಚಿನದಲ್ಲ. ಬಾಯಲ್ಲಿರೋದು."

ಹಲ್ಲಕ್ಕ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಅದೆಲ್ಲ ಮಾಡಬಾರದು ಪುಟ್ಟ. ಜುಂ ಅನ್ನುತ್ತೆ, ತಣ್ಣೀರು ಕುಡಿಯೋಕಾಗಲ್ಲ," ಎಂದಳು. ಹೇಳಬೇಕಾದ್ದು ಇದಲ್ಲ ಎಂದು ಗೊತ್ತಿತ್ತು. ಹೇಳಬೇಕಾದ್ದು ಯಾವುದೆಂದು ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ಬೊಂಬುವನ್ನು ಪ್ಲಾಸ್ಟರಿನ ಚೂರು ಗುಡಿಸಲು ಬಿಟ್ಟರು. ಪಿಂಗಾಣಿ ಮಾಮ ಅವಳನ್ನು ಹತ್ತಿರ ಕರೆದು ಒಂದು ಪೂರ್ತಿ ದವಡೆಯ ಅಚ್ಚು ಕೈಗೆ ಕೊಟ್ಟ.

"ನೋಡಮ್ಮ, ಮನುಷ್ಯನ ಬಾಯಿ ಅಂದ್ರೆ ಸಮ್ಮಿಶ್ರ ಸರ್ಕಾರ. ಮುಂದೆ ಇಲಿ, ಮೂಲೇಲಿ ನಾಯಿ, ಹಿಂದೆ ಹಸು. ಯಾರಿಗೂ ಬಹುಮತ ಇಲ್ಲ. ಅದಕ್ಕೇ ದಿನಾ ಜಗಳ."

ನಾಲ್ಕು ದಿನದಲ್ಲಿ ಮೊದಲ ಸಲ ಬೊಂಬು ನಕ್ಕಳು. ನಗುವಾಗ ಅವಳ ಮೇಲಿನ ಎರಡೂ ಕೋರೆಹಲ್ಲು ಕಾಣಿಸಿದವು, ಉದ್ದಕ್ಕೆ, ಚೂಪಾಗಿ. ಹಲ್ಲಕ್ಕ ಥಟ್ಟನೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. ಹಿಂದಿನ ವರ್ಷ ಮಗಳ ಹಲ್ಲಿಗೆ ತಂತಿ ಮಾಡಲು ತಾನೇ ತೆಗೆದಿದ್ದ ಅಚ್ಚು ಒಳಕೋಣೆಯ ಕಪಾಟಿನಲ್ಲಿತ್ತು. ಅದನ್ನು ತಂದು ಮೇಜಿನ ಮೇಲಿಟ್ಟು, ಚೀಲದಿಂದ ಆ ಫೋಟೊ ತೆಗೆದು ಮಡಿಕೆ ಬಿಡಿಸಿದಳು.

ನೋಡಲಾರದೆ ಇಟ್ಟುಕೊಂಡಿದ್ದ ಚಿತ್ರವನ್ನು ಈಗ ಕೆಲಸದ ಕಣ್ಣಿಂದ ನೋಡಿದಳು. ಎರಡು ಕಮಾನು, ಎದುರುಬದುರು. ಮೇಲಿನ ಕಮಾನಿನ ಒಂದು ಕೊನೆಯಲ್ಲಿ ಕೋರೆಹಲ್ಲಿನ ಕಪ್ಪು ಚುಕ್ಕೆ ಇತ್ತು. ಇನ್ನೊಂದು ಕೊನೆಯಲ್ಲಿ ಇರಲಿಲ್ಲ. ಅಲ್ಲಿ ಚರ್ಮ ತಿಳಿಯಾಗಿತ್ತು. ಕೆಳಗಿನ ಕಮಾನಿನಲ್ಲಿ ಒಂದು ಗೆರೆ ಉಳಿದವುಗಳ ಜೊತೆ ನಿಲ್ಲದೆ ಅಡ್ಡಕ್ಕೆ ತಿರುಗಿತ್ತು. ಅಚ್ಚನ್ನು ಪಕ್ಕಕ್ಕೆ ಹಿಡಿದಳು. ಬೊಂಬುವಿನ ಕೆಳಸಾಲು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಕೋರೆಹಲ್ಲು ಎರಡೂ ಇದ್ದವು.

ಮಾಮ ಬಗ್ಗಿ ನೋಡಿ, ಏನೂ ಕೇಳದೆ, "ಈ ಗುರುತು ಆ ಅಚ್ಚಿನ ಹಲ್ಲಿಂದಲ್ಲ," ಎಂದು ಹೇಳಿ ತನ್ನ ಮೇಜಿಗೆ ಹೋದ.

ಅಡ್ಡ ತಿರುಗಿದ ಆ ಹಲ್ಲನ್ನು ಹಲ್ಲಕ್ಕ ಬಲ್ಲಳು. ಪಕ್ಕದವರ ಮಾತಿಗೆ ತಲೆ ತಿರುಗಿಸಿ ಕೂತವರ ಹಾಗೆ ಇದ್ದ ಹಲ್ಲು. ತನ್ನ ಮನೆಯ ಊಟದ ಮೇಜಿನಲ್ಲಿ ನೂರಾರು ಸಲ ನಗುವುದನ್ನು ನೋಡಿದ್ದಳು. ಮೇಲಿನ ಎಡಗಡೆಯ ಕೋರೆಹಲ್ಲು ಇನ್ನೂ ಬಂದಿಲ್ಲವಲ್ಲ, ಡಾಕ್ಟರಿಗೆ ತೋರಿಸಿ ಎಂದು ಸಾಸಿವೆಯ ಅಮ್ಮನಿಗೆ ತಾನೇ ಎರಡು ಸಲ ಹೇಳಿದ್ದಳು.

ಊಟದ ಬಿಡುವಿನಲ್ಲಿ ಮಗಳನ್ನು ಲ್ಯಾಬಿನ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು. "ಕಚ್ಚಿದ್ದು ನೀನಲ್ಲ. ಸಾಸಿವೆ ತಾನೇ ಕಚ್ಚಿಕೊಂಡಿದಾಳೆ. ಹೌದೋ ಅಲ್ವೋ?"

ಬೊಂಬು ಊಟದ ಡಬ್ಬಿಯ ಮುಚ್ಚಳವನ್ನು ತಿರುಗಿಸತೊಡಗಿದಳು. "ಐದನೇ ಭಾಗದಲ್ಲಿ ಇದೆಯಲ್ಲ, ಹಂಗೆ ಮಾಡೋಣ ಅಂದ್ಲು. ಮೈದಾನದ ಹಿಂದೆ, ನೀರಿನ ಟ್ಯಾಂಕಿನ ಹತ್ರ. ಕೈ ಬಾಯಲ್ಲಿ ಇಟ್ಲು. ನಾನು ಹಿಡ್ಕೊಂಡೆ, ಒತ್ತಲಿಲ್ಲ."

"ಆಮೇಲೆ?"

"ಒತ್ತು ಅಂದ್ಲು. ಆಗಲ್ಲ ಅಂದೆ. ನಿಂಗೆ ಅಷ್ಟೂ ಅನ್ಸಲ್ವಾ ಅಂದ್ಲು. ಇಲ್ಲ ಅಂದೆ. ಆಗ ತಾನೇ ಕಚ್ಕೊಂಡ್ಲು. ರಕ್ತ ಬಂತು. ನೀನು ಕಚ್ಚಿದ್ದು ಅಂತ ಹೇಳ್ತೀಯಾ ಅಂತ ಕೇಳಿದ್ಲು. ಹೂಂ ಅಂದೆ."

"ಯಾಕೆ ಹೂಂ ಅಂದೆ? ಮಾಡದೇ ಇರೋದನ್ನ ಯಾಕೆ ತಲೆ ಮೇಲೆ ಹಾಕ್ಕೊಂಡೆ?"

"ಅನ್ಸಲ್ಲ ಅಂದಿದ್ದು ಸುಳ್ಳು ಅಮ್ಮ." ಬೊಂಬು ಈಗ ಮುಚ್ಚಳ ಬಿಟ್ಟು ತಾಯಿಯನ್ನು ನೋಡಿದಳು. "ಅವಳ ಕೈ ಬಾಯಲ್ಲಿದ್ದಾಗ ಕಚ್ಚಬೇಕು ಅಂತ ಅನ್ಸಿತ್ತು. ಜೋರಾಗೇ. ಅವಳು ಅಂದ್ರೆ ನಂಗೆ ಎಲ್ಲರಿಗಿಂತ ಇಷ್ಟ, ಆದ್ರೂ ಅನ್ಸಿತ್ತು. ಮತ್ತೆ, ಹಲ್ಲು ಯಾರದಾದ್ರೇನು?"

ಮಗಳು ತಪ್ಪು ಮಾಡಿಲ್ಲವೆಂದು ಹಗುರಾಗಬೇಕಿದ್ದ ಹಲ್ಲಕ್ಕನ ಎದೆ ಇನ್ನಷ್ಟು ಭಾರವಾಗಿತ್ತು. ಕಚ್ಚಿದ್ದರೆ ಬೈಯಬಹುದಿತ್ತು. ಅನ್ನಿಸಿದ್ದಕ್ಕೆ ಬೈಯುವುದು ಹೇಗೆ? ಅನ್ನಿಸಿದರೂ ಬಿಟ್ಟದ್ದಕ್ಕೆ ಬೆನ್ನು ತಟ್ಟಬೇಕೋ?

"ಯಾರಿಗೂ ಹೇಳಬೇಡ," ಎಂದಳು ಬೊಂಬು. "ಹೇಳಿದ್ರೆ ಅವಳನ್ನ ಎಲ್ಲರೂ ಹುಚ್ಚಿ ಅಂತಾರೆ."

ಸಂಜೆ ಗಂಡನಿಗೆ ಹೇಳಿದಳು. ಅವನು ಈ ಸಲ ಅಲುಗಾಡಿಸಿ ನೋಡಲಿಲ್ಲ. "ಮಾಡದ ತಪ್ಪಿಗೆ ಶಿಕ್ಷೆ ಯಾಕೆ ತಿನ್ನಬೇಕು? ನಾಳೆನೇ ಹೋಗಿ ಹೇಳು."

"ಬೇಡ ಅಂತಾಳೆ."

"ಅವಳಿಗೇನು ಗೊತ್ತಾಗುತ್ತೆ?"

"ನಿಮಗೇನು ಗೊತ್ತಾಯ್ತು ಹೇಳಿ."

ಅವನು ಶರ್ಟಿನ ತೋಳಿಗೆ ಅಂಟಿದ್ದ ಗ್ರೀಸನ್ನು ಉಗುರಿನಿಂದ ಕೆರೆಯುತ್ತಾ ಯೋಚಿಸಿದ. "ಲಿಫ್ಟು ನಿಂತರೆ ಎಲ್ಲಿ ಕೆಟ್ಟಿದೆ ಅಂತ ಹೇಳ್ತೀನಿ. ಇದರಲ್ಲಿ ಏನೂ ಕೆಟ್ಟ ಹಾಗೆ ಕಾಣಲ್ಲ, ಆದ್ರೂ ನಿಂತಿದೆ," ಎಂದ.

ಮರುದಿನ ಹಲ್ಲಕ್ಕ ಅರ್ಧ ದಿನ ರಜೆ ಹಾಕಿ, ಮಗಳ ಅಚ್ಚನ್ನು ಹಳೆಯ ಕಾಗದದಲ್ಲಿ ಸುತ್ತಿಕೊಂಡು ಕನ್ನಡಕದ ಅಂಗಡಿಗೆ ಹೋದಳು. ಶಾಲೆಗಿಂತ ಮೊದಲು ತಾಯಿಗೆ ಹೇಳುವುದು ಧರ್ಮ ಅನ್ನಿಸಿತ್ತು. ಗಿರಾಕಿಗಳಿರಲಿಲ್ಲ. ಸಾಸಿವೆಯ ಅಮ್ಮ ಮೆತ್ತನೆ ಬಟ್ಟೆಯಲ್ಲಿ ಚೌಕಟ್ಟುಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ಸಿಕ್ಕಿಸುತ್ತಿದ್ದಳು. ಇವಳನ್ನು ನೋಡಿ ಕೈ ನಿಲ್ಲಿಸಿದಳು, ಕೂರಿ ಅನ್ನಲಿಲ್ಲ.

ಹಲ್ಲಕ್ಕ ಫೋಟೊ ಹಾಸಿ, ಕಾಗದ ಬಿಚ್ಚತೊಡಗಿದಳು. "ನಿಮಗೆ ಒಂದು ವಿಷಯ ತೋರಿಸಬೇಕು."

"ಬಿಚ್ಚಬೇಡಿ," ಎಂದಳು ಸಾಸಿವೆಯ ಅಮ್ಮ. "ನಂಗೆ ಗೊತ್ತು."

"ಏನು ಗೊತ್ತು?"

"ಅವತ್ತು ಸಂಜೆ ಪಟ್ಟಿ ಬಿಚ್ಚಿ ತೊಳೆದವಳು ನಾನು. ಆ ಬಾಯಿಗೆ ಹದಿಮೂರು ವರ್ಷ ತುತ್ತು ಇಟ್ಟಿದೀನಿ. ಗೊತ್ತಾಗಲ್ವಾ?"

ಹಲ್ಲಕ್ಕ ಅಚ್ಚನ್ನು ಮತ್ತೆ ಕಾಗದದೊಳಗೆ ಸುತ್ತಿದಳು. "ಗೊತ್ತಿದ್ದೂ ನನ್ನ ಮಗಳನ್ನ ಮನೆಯಲ್ಲಿ ಕೂರಿಸಿದ್ರಾ? ನಾಯಿಗಿಂತ ಕಡೆ ಅಂದ್ರಲ್ಲ."

"ಅನ್ನೋವಾಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ಮನಿದ್ದೆ. ಅದು ತಪ್ಪೇ." ಅವಳು ಒರೆಸಿದ ಚೌಕಟ್ಟನ್ನೇ ಮತ್ತೆ ಒರೆಸಿದಳು. "ಇನ್ನೊಬ್ಬರು ಕಚ್ಚಿದ್ರೆ ನಾನು ಕೋಪ ಮಾಡ್ಕೊಂಡ್ರೆ ಆಯ್ತು. ಕೋಪ ಮಾಡ್ಕೊಳ್ಳೋದು ನಂಗೆ ಬರುತ್ತೆ. ಅವಳೇ ಕಚ್ಕೊಂಡಿದ್ದು ಅಂದ್ರೆ, ಯಾಕೆ ಅಂತ ಕೇಳಬೇಕು. ಅವಳಪ್ಪ ಮನೆ ಬಿಟ್ಟು ಎಂಟು ತಿಂಗಳಾಯ್ತು. ಒಂದು ದಿನಾನೂ ಅವಳು ಅಪ್ಪ ಎಲ್ಲಿ ಅಂತ ಕೇಳಿಲ್ಲ, ನಾನೂ ಹೇಳಿಲ್ಲ. ಈಗ ಶುರು ಮಾಡಿದ್ರೆ ಎಲ್ಲಿಗೆ ಹೋಗಿ ನಿಲ್ಲುತ್ತೋ ಅಂತ ಭಯ."

ಹೊರಗಿಂದ ಒಬ್ಬ ಮುದುಕ ಬಂದು ಮೂಗಿನ ಮೇಲೆ ಜಾರುವ ಕನ್ನಡಕ ಕೊಟ್ಟ. ಅವಳು ಅದರ ಕಿವಿ ಬಗ್ಗಿಸಿ, ಅವನ ಮುಖಕ್ಕೆ ಇಟ್ಟು, ಸರಿಯಾಯಿತೇ ಎಂದು ಎರಡು ಸಲ ಕೇಳಿ ಕಳಿಸಿದಳು. ಅಷ್ಟು ಹೊತ್ತೂ ಹಲ್ಲಕ್ಕ ಅಚ್ಚಿನ ಗಂಟನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಜಗಳಕ್ಕೆ ಬಂದವಳೋ ಸಮಾಧಾನ ಹೇಳಲು ಬಂದವಳೋ ಅವಳಿಗೇ ತಿಳಿಯದಾಗಿತ್ತು.

"ನಾಳೆ ಶಾಲೆಗೆ ನಾನೂ ಬರ್ತೀನಿ," ಎಂದಳು ಸಾಸಿವೆಯ ಅಮ್ಮ. "ನೀವೊಬ್ಬರೇ ಹೇಳೋದು ಬೇಡ."

ಬುಧವಾರ ಇಬ್ಬರು ತಾಯಂದಿರೂ ಹೆಡ್‌ಮಿಸ್ ಎದುರು ಕೂತರು. ಸಾಸಿವೆಯನ್ನು ತರಗತಿಯಿಂದ ಕರೆಸಿದರು. ಅವಳಮ್ಮನೇ ಮಾತು ತೆಗೆದಳು. ಸಾಸಿವೆ ಎಲ್ಲ ಕೇಳಿಸಿಕೊಂಡು ಹಲ್ಲಕ್ಕನ ಕಡೆ ತಿರುಗಿದಳು. "ಆಂಟಿ, ಬೊಂಬು ಹೇಳಿದ್ಲಾ?"

"ಇಲ್ಲ. ನಿನ್ನ ಹಲ್ಲು ಹೇಳಿತು."

ಸಾಸಿವೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳುಗಳ ಸಂದಿಯಿಂದ ಮಾತು ಬಂತು. "ಅವಳು ನನ್ನ ಕೈನ ಗಾಜಿನ ಲೋಟ ಹಿಡಿದ ಹಾಗೆ ಹಿಡ್ಕೊಂಡಿದ್ಲು. ಆಮೇಲೆ ಬಿಟ್ಬಿಟ್ಲು. ಎಲ್ಲರೂ ಬಿಟ್ಬಿಡ್ತಾರೆ." ಅವಳಮ್ಮ ಎದ್ದು ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಹುಡುಗಿ ಬಿಡಿಸಿಕೊಳ್ಳಲು ಕೊಸರಾಡಿದಳು, ಆಮೇಲೆ ಕೊಸರಾಡುವುದನ್ನು ನಿಲ್ಲಿಸಿದಳು.

ಎಲ್ಲರಿಗಿಂತ ಪೇಚಿಗೆ ಸಿಕ್ಕಿದವರು ಹೆಡ್‌ಮಿಸ್. "ಕಚ್ಚಿದ್ದಕ್ಕೆ ನಮ್ಮಲ್ಲಿ ನಿಯಮ ಇದೆ," ಎಂದರು, ಕಡತವನ್ನು ತೆರೆದು ಮುಚ್ಚುತ್ತಾ. "ಕಚ್ಚದೇ ಕಚ್ಚಿದೆ ಅಂದಿದ್ದಕ್ಕೆ ಏನು ಬರೀಲಿ?" ಕೊನೆಗೆ "ಆಟದ ವೇಳೆ ಆದ ಗಾಯ" ಎಂದು ಬರೆದು ಇಬ್ಬರ ಸಹಿ ಹಾಕಿಸಿಕೊಂಡರು. ಬೊಂಬು ಮರುದಿನದಿಂದಲೇ ಬರಬಹುದು. ಮನಸ್ಸಿನ ಡಾಕ್ಟರ ಹತ್ತಿರ ಈಗ ಸಾಸಿವೆ ಹೋಗಬೇಕು. ಮಾಂಗಾ ಪುಸ್ತಕಗಳನ್ನು ಮಾತ್ರ ಶಾಲೆಯೊಳಗೆ ಯಾರೂ ತರಕೂಡದು; ಅವುಗಳ ಮೇಲಿನ ತೀರ್ಪು ಬದಲಾಗಲಿಲ್ಲ.

ಮನೆಗೆ ಬಂದು ಹೇಳಿದಾಗ ಬೊಂಬು ಅತ್ತು ರಂಪ ಮಾಡಲಿಲ್ಲ. ಊಟದ ಮೇಜಿಗೆ ಕೈಯೂರಿ ನಿಂತು ಕೇಳಿದಳು. "ಅವಳನ್ನ ಹಿಡಿದುಕೊಟ್ಟೆ ಅಲ್ವಾ?"

"ನಿನ್ನನ್ನ ಉಳಿಸಿಕೊಂಡೆ."

"ಯಾರಿಂದ?"

ಹಲ್ಲಕ್ಕ ಗಂಡನ ಮುಖ ನೋಡಿದಳು. ಅವನು ತಟ್ಟೆ ನೋಡಿದ. ಬೊಂಬು ಕೋಣೆಗೆ ಹೋಗಿ ಬಾಗಿಲು ಮೆಲ್ಲಗೆ ಹಾಕಿಕೊಂಡಳು, ಮತ್ತೆ ಮೂರು ದಿನ "ಹೂಂ", "ಉಹೂಂ" ಬಿಟ್ಟು ತಾಯಿಯ ಜೊತೆ ಮಾತಿಲ್ಲ.

ಶಾಲೆಯಲ್ಲಿ ಹುಡುಗಿಯರನ್ನು ಬೇರೆ ಬೇರೆ ಬೆಂಚಿಗೆ ಹಾಕಿದ್ದರು. ಒಂದು ದಿನ ಕರೆತರಲು ಹೋಗಿದ್ದಾಗ ಹಲ್ಲಕ್ಕ ಇಬ್ಬರನ್ನೂ ಗೇಟಿನ ಪಕ್ಕದಲ್ಲಿ ಕಂಡಳು. ಒಂದು ಮಾರು ಅಂತರ ಬಿಟ್ಟು ನಿಂತಿದ್ದರು. ಸಾಸಿವೆ ಕೈಯಾಡಿಸುತ್ತಾ ಏನೋ ಹೇಳುತ್ತಿದ್ದಳು, ಬೊಂಬು ನೆಲ ನೋಡುತ್ತಿದ್ದಳು. ರಾಜಿಯೋ ಜಗಳವೋ ದೂರದಿಂದ ತಿಳಿಯಲಿಲ್ಲ. ಹತ್ತಿರ ಹೋಗುವಷ್ಟರಲ್ಲಿ ಸಾಸಿವೆ ಹೋಗಿಬಿಟ್ಟಿದ್ದಳು. ಕೇಳಿದರೆ ಬೊಂಬು, "ಸುಮ್ನೆ" ಎಂದಳು.

ಭಾನುವಾರ ಮಧ್ಯಾಹ್ನ ತಾಯಿ ಮಗಳು ಮಂಚದ ಮೇಲೆ ಒಣಗಿದ ಬಟ್ಟೆಗಳ ರಾಶಿ ಹಾಕಿಕೊಂಡು ಮಡಿಸುತ್ತಿದ್ದರು. ಅಪ್ಪನ ಶರ್ಟಿನ ತೋಳನ್ನು ಒಳಗೆ ಮಡಿಸುತ್ತಾ ಬೊಂಬು ಕೇಳಿದಳು: "ಅಮ್ಮ, ನಿಂಗೆ ಯಾವತ್ತಾದ್ರೂ ಯಾರನ್ನಾದ್ರೂ ಕಚ್ಚಬೇಕು ಅನ್ಸಿದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದ ಹಲ್ಲಕ್ಕ ಹಾಗೇ ನಿಂತಳು. ಹದಿಮೂರು ವರ್ಷದಿಂದ ಯಾರಿಗೂ ಹೇಳದ ಒಂದು ಸಂಗತಿ ಗಂಟಲಿಗೆ ಬಂದಿತ್ತು. ಅದನ್ನು ತಾನು ಮರೆತಿದ್ದೆನೆಂದೇ ಅವಳು ತಿಳಿದಿದ್ದಳು.

"ಕಚ್ಚಿದೀನಿ," ಎಂದಳು.

"ಯಾರನ್ನ?"

"ನಿನ್ನನ್ನ. ಆಗ ನಿಂಗೆ ಆರು ತಿಂಗಳು. ಸ್ನಾನ ಮಾಡಿಸಿ ಟವೆಲ್ ಮೇಲೆ ಮಲಗಿಸಿದ್ದೆ. ಕಾಲು ಗುಂಡುಗುಂಡಗೆ ಇತ್ತು. ಎಲ್ಲರೂ ಹೇಳೋ ಹಾಗೆ ಕಚ್ಚಿ ತಿಂದುಬಿಡೋಣ ಅನ್ನಿಸ್ತು. ಮುದ್ದು ಮಾಡೋಕೆ ಬಾಯಿ ಇಟ್ಟೆ. ಹೇಗೆ ಒತ್ತಿದೆನೋ ಗೊತ್ತಿಲ್ಲ. ನಾಲ್ಕು ಹಲ್ಲಿನ ಗುರುತು ಬಿತ್ತು. ನೀನು ಕಿರುಚಿದ್ದು ಕೇಳಿ ನಿನ್ನ ಅಜ್ಜಿ ಓಡಿ ಬಂದ್ರು. ಇರುವೆ ಕಚ್ಚಿತು ಅತ್ತೆ ಅಂದೆ."

"ನಂಬಿದ್ರಾ?"

"ಹಾಸಿಗೆ ದಿಂಬು ಎಲ್ಲ ಕೊಡವಿ ಸಂಜೇವರೆಗೂ ಇರುವೆ ಹುಡುಕಿದ್ರು. ಒಂದು ಸಿಕ್ತು ಕೂಡ. ಅದನ್ನ ಸಾಯಿಸಿದ್ರು."

ಬೊಂಬು ನಗುತ್ತಾಳೆಂದು ಹಲ್ಲಕ್ಕ ಅಂದುಕೊಂಡಿದ್ದಳು. ಅವಳು ನಗಲಿಲ್ಲ. ಶರ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಯೋಚಿಸಿದಳು. "ಇಷ್ಟ ಆಗಿ ಕಚ್ಚಿದ್ದಾ, ಸಾಕಾಗಿ ಕಚ್ಚಿದ್ದಾ?"

"ಅದೇ ಗೊತ್ತಿಲ್ಲ ಕಣೆ. ಹಿಂದಿನ ರಾತ್ರಿ ಎಲ್ಲ ನೀನು ಅತ್ತಿದ್ದೆ, ನಂಗೆ ನಿದ್ದೆ ಇರಲಿಲ್ಲ. ನಿನ್ನ ಕಂಡ್ರೆ ಪ್ರಾಣಾನೂ ಹೌದು. ಎರಡೂ ಒಟ್ಟಿಗೇ ಇತ್ತು ಅನ್ಸುತ್ತೆ. ಬೇರೆ ಮಾಡಿ ನೋಡೋಕೆ ಆಗ ಪುರುಸೊತ್ತೆಲ್ಲಿತ್ತು? ಈಗ ನೆನೆಸಿಕೊಂಡ್ರೂ ಗೊತ್ತಾಗಲ್ಲ."

"ಮತ್ತೆ ಕಚ್ಚಿದ್ಯಾ?"

"ಇಲ್ಲ."

"ಅನ್ಸಿತ್ತಾ?"

ಹಲ್ಲಕ್ಕ ಹಾಸಿಗೆಯ ಹೊದಿಕೆಯ ಎರಡು ತುದಿ ಹಿಡಿದು, ಇನ್ನೆರಡನ್ನು ಮಗಳ ಕೈಗೆ ಕೊಟ್ಟಳು. "ಎಷ್ಟೋ ಸಲ," ಎಂದಳು.

ಇಬ್ಬರೂ ಹೊದಿಕೆಯನ್ನು ಜಗ್ಗಿ ಕೊಡವಿ, ಹತ್ತಿರ ಬಂದು, ತುದಿಗೆ ತುದಿ ಸೇರಿಸಿ ಮಡಿಸಿದರು. ಬೊಂಬು ಅದನ್ನು ಮಂಚದ ಮೂಲೆಗೆ ಇಟ್ಟಳು. ಆಮೇಲೆ ಕೂತು ಪೈಜಾಮವನ್ನು ಮೊಣಕಾಲಿನವರೆಗೆ ಎತ್ತಿಕೊಂಡಳು.

"ಯಾವ ಕಾಲು?"

"ಎಡಗಾಲು ಇರಬೇಕು. ಬಲಗಾಲೇನೋ. ಸರಿಯಾಗಿ ನೆನಪಿಲ್ಲ."

ಬೊಂಬು ಕಿಟಕಿಯ ಬೆಳಕಿಗೆ ಮೊದಲು ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹಲ್ಲಕ್ಕನೂ ಬಟ್ಟೆ ಕೆಳಗಿಟ್ಟು ಪಕ್ಕದಲ್ಲಿ ಕೂತು ಬಗ್ಗಿ ನೋಡಿದಳು. ಸೈಕಲ್ಲಿನಿಂದ ಬಿದ್ದ ಕಲೆಯೊಂದಿತ್ತು, ಸೊಳ್ಳೆ ಕಚ್ಚಿ ಕೆರೆದುಕೊಂಡ ಗುರುತುಗಳಿದ್ದವು. ಅವರು ಹುಡುಕುತ್ತಿದ್ದದ್ದು ಎರಡು ಕಾಲಿನಲ್ಲೂ ಕಾಣಲಿಲ್ಲ.